ಜೇಡ ಮನುಷ್ಯನಿಗೂ ಜ್ವರ ಬರುತ್ತದೆ

ಮುಗಿಲೆತ್ತರದ ಕಟ್ಟಡದ ಗೋಡೆಯನ್ನು ಬರಿಗೈಯಲ್ಲಿ ಹತ್ತಬಲ್ಲ ಹುಡುಗನೊಬ್ಬ ಬ್ಯಾಂಕಿನ ಗುಮಾಸ್ತನ ಮುಂದೆ ಸೋತು ನಿಂತಿದ್ದಾನೆ. ಕೈಯಲ್ಲಿ ಚೆಕ್ಕಿದೆ. ಪ್ರದರ್ಶನವೊಂದರಲ್ಲಿ ಕಸರತ್ತು ತೋರಿಸಿ ಸಂಪಾದಿಸಿದ ಹಣ ಅದು. ಕದ್ದದ್ದೂ ಅಲ್ಲ, ಬೇಡಿದ್ದೂ ಅಲ್ಲ. ಆದರೆ ಚೆಕ್ಕಿನ ಮೇಲಿರುವ ಹೆಸರು ‘ಸ್ಪೈಡರ್‌ಮ್ಯಾನ್’. ಗುಮಾಸ್ತ ಗುರುತಿನ ಪುರಾವೆ ಕೇಳುತ್ತಾನೆ. ಹುಡುಗ ತಾನು ತೊಟ್ಟ ಉಡುಪನ್ನೇ ತೋರಿಸುತ್ತಾನೆ. ಇಂಥ ಉಡುಪನ್ನು ಯಾರು ಬೇಕಾದರೂ ತೊಟ್ಟು ಬರಬಹುದಲ್ಲ ಎಂಬುದು ಗುಮಾಸ್ತನ ವಾದ. ವಾದದಲ್ಲಿ ತಪ್ಪೇನೂ ಇಲ್ಲ. ಮುಖವಾಡ ತೆಗೆದರೆ ಗುಟ್ಟು ಬಯಲು, ತೆಗೆಯದಿದ್ದರೆ ದುಡ್ಡಿಲ್ಲ. ಹುಡುಗ ಚೆಕ್ಕನ್ನು ಹಾಗೇ ಹಿಡಿದುಕೊಂಡು ಹೊರಗೆ ಬರುತ್ತಾನೆ. ಮನೆಯಲ್ಲಿ ಬಾಡಿಗೆ ಬಾಕಿಯಿದೆ.

ಪೀಟರ್ ಪಾರ್ಕರ್ ಎಂಬ ಈ ಹುಡುಗನ ಪೇಚಾಟ ಅಚ್ಚಾದದ್ದು 1963ರಲ್ಲಿ, ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಚಿತ್ರಕಥಾ ಮಾಲಿಕೆಯ ಮೊದಲ ಸಂಚಿಕೆಯಲ್ಲಿ. ಅವನು ಹುಟ್ಟಿದ್ದು ಅದಕ್ಕೂ ಮೊದಲು, 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ ಎಂಬ ಅಮೆರಿಕದ ಪತ್ರಿಕೆಯಲ್ಲಿ. ಕಥೆ ಸ್ಟ್ಯಾನ್ ಲೀ ಅವರದು, ಚಿತ್ರ ಸ್ಟೀವ್ ಡಿಟ್ಕೊ ಅವರದು. ಅದು ಆ ಪತ್ರಿಕೆಯ ಕೊನೆಯ ಸಂಚಿಕೆ, ಬೆಲೆ 12 ಸೆಂಟು. ಪ್ರಕಾಶಕರಿಗೆ ಈ ಹುಡುಗ ಮೊದಲು ಹಿಡಿಸಲಿಲ್ಲವಂತೆ. ಜೇಡ ಕಂಡರೆ ಜನಕ್ಕೆ ಅಸಹ್ಯ, ಹದಿಹರೆಯದವನು ನಾಯಕನ ಬೆನ್ನ ಹಿಂದಿರಬೇಕೇ ಹೊರತು ತಾನೇ ನಾಯಕನಾಗಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಮಹಾಶೂರನಿಗೆ ಮನೆಯ ತಾಪತ್ರಯಗಳಿರಬಾರದು - ಇವು ಅವರ ಆಕ್ಷೇಪಗಳಾಗಿದ್ದವು ಎಂದು ಲೀ ಮುಂದೆ ಅನೇಕ ಸಲ ಹೇಳಿಕೊಂಡರು.

ಪ್ರಕಾಶಕರ ಮಾತು ಆ ಕಾಲದ ರೂಢಿಗೆ ಸರಿಯಾಗಿಯೇ ಇತ್ತು. 1938ರಲ್ಲಿ ಬಂದ ಸೂಪರ್‌ಮ್ಯಾನ್ ಬೇರೆ ಗ್ರಹದವನು. ಅವನಿಗೆ ನೆಗಡಿ ಹಿಡಿಯುವುದನ್ನು ಯಾರೂ ಊಹಿಸಿರಲಿಲ್ಲ. 1939ರ ಬ್ಯಾಟ್‌ಮ್ಯಾನ್ ಮನುಷ್ಯನೇ ಆದರೂ ಆಗರ್ಭ ಶ್ರೀಮಂತ. 1943ರಿಂದ ಅವನ ಮನೆಯಲ್ಲಿ ಆಲ್‌ಫ್ರೆಡ್ ಎಂಬ ನಂಬಿಗಸ್ಥ ಸೇವಕನೂ ಬಂದು ಸೇರಿಕೊಂಡ. ಹೊತ್ತಿಗೆ ಸರಿಯಾಗಿ ಊಟ ಬಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹರಿದ ಬಟ್ಟೆಯ ಕಡೆ ನೋಡುವುದು ಎಲ್ಲಕ್ಕೂ ಆಳಿರುವಾಗ ಶೂರತನ ಮಾಡುವುದೇನೂ ಮಹಾ ಕಷ್ಟವಲ್ಲ. ಪೀಟರನಿಗೆ ಅಂಥ ಸೌಕರ್ಯ ಇರಲಿಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್‌ನಲ್ಲಿ ಒಂದು ಸಾಧಾರಣ ಬಾಡಿಗೆ ಮನೆ. ತಂದೆ ತಾಯಿ ಇಲ್ಲದ ಅವನನ್ನು ಸಾಕಿದವರು ದೊಡ್ಡಪ್ಪ ಬೆನ್ ಮತ್ತು ದೊಡ್ಡಮ್ಮ ಮೇ. ದೊಡ್ಡಪ್ಪ ಕಳ್ಳನ ಗುಂಡಿಗೆ ಬಲಿಯಾದ ಮೇಲೆ ಉಳಿದವರು ಇಬ್ಬರೇ: ಓದುವ ಹುಡುಗ ಮತ್ತು ವಯಸ್ಸಾದ, ಆರೋಗ್ಯ ಅಷ್ಟಕ್ಕಷ್ಟೇ ಆದ ದೊಡ್ಡಮ್ಮ.

ಆ ಮೊದಲ ಕಥೆಯ ಆರಂಭದಲ್ಲೇ ಅಡುಗೆಮನೆ ಇದೆ. ದೊಡ್ಡಮ್ಮ ಬೆಳಗಿನ ತಿಂಡಿಗೆ ಗೋಧಿ ಹಿಟ್ಟಿನ ಕೇಕು ಮಾಡಿದ್ದಾರೆ. ಕಾವಲಿಯ ಮೇಲೆ ಹುಯ್ದು ಬೇಯಿಸುವ, ನಮ್ಮ ದಪ್ಪ ದೋಸೆಯಂಥ ತಿಂಡಿ ಅದು. ಹುಡುಗ ತಿನ್ನುತ್ತಾನೆ, ದೊಡ್ಡಪ್ಪ ತಮಾಷೆ ಮಾಡುತ್ತಾರೆ. ಶಕ್ತಿ ಬರುವ ಮೊದಲಿನ ನಿಶ್ಚಿಂತೆಯ ತಿಂಡಿ ಅದು. ವಿಜ್ಞಾನದ ಪ್ರದರ್ಶನವೊಂದರಲ್ಲಿ ವಿಕಿರಣ ತಗುಲಿದ ಜೇಡ ಅವನನ್ನು ಕಚ್ಚಿದ ಮೇಲೆ ಗೋಡೆ ಹತ್ತುವ ಬಲ ಬಂತು, ಆದರೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರುವ ಭಾಗ್ಯ ಹೋಯಿತು. ಅವನು ಬರುವ ಹೊತ್ತಿಗೆ ತಟ್ಟೆ ಆರಿರುತ್ತದೆ, ದೊಡ್ಡಮ್ಮನ ಕಣ್ಣು ಬಾಗಿಲಲ್ಲೇ ಇರುತ್ತದೆ. ಇಷ್ಟು ಹೊತ್ತು ಎಲ್ಲಿದ್ದೆ ಎಂಬ ಪ್ರಶ್ನೆಗೆ ಒಂದು ಸುಳ್ಳು ಬೇಕು. ದಿನಕ್ಕೊಂದು ಹೊಸ ಸುಳ್ಳು ಹೊಸೆಯುವುದು ಬಲೆ ಹೆಣೆಯುವುದಕ್ಕಿಂತ ಕಷ್ಟದ ಕೆಲಸ.

ಇನ್ನು ಬಟ್ಟೆಯ ಪಾಡು. ಜೇಡ ಮನುಷ್ಯನ ಉಡುಪನ್ನು ಹೊಲಿದವನೂ ಅವನೇ, ಹರಿದಾಗ ತೇಪೆ ಹಾಕುವವನೂ ಅವನೇ. 1963ರ ಒಂದು ಕಥೆಯಲ್ಲಿ ಮರಳಿನ ಮೈಯ ಖಳನೊಡನೆ ಕಾದಾಡುವಾಗ ಅವನ ಮುಖವಾಡ ಹರಿಯುತ್ತದೆ. ಕಾಳಗವನ್ನು ಅಲ್ಲಿಗೇ ಬಿಟ್ಟು ಮನೆಗೆ ಓಡಿ, ತನ್ನ ಕೋಣೆಯಲ್ಲಿ ಕುಳಿತು ಸೂಜಿ ದಾರ ಹಿಡಿಯುತ್ತಾನೆ. ದರ್ಜಿಗೆ ಕೊಡುವಂತಿಲ್ಲ, ದೊಡ್ಡಮ್ಮನನ್ನು ಕೇಳುವಂತಿಲ್ಲ. ಒಗೆಯುವುದೂ ಅವನ ಪಾಲಿಗೇ. 2004ರಲ್ಲಿ ಬಂದ ‘ಸ್ಪೈಡರ್‌ಮ್ಯಾನ್ 2’ ಚಲನಚಿತ್ರದಲ್ಲಿ ಅವನು ದುಡ್ಡು ಹಾಕಿ ಬಟ್ಟೆ ಒಗೆಯುವ ಅಂಗಡಿಯ ಯಂತ್ರಕ್ಕೆ ಈ ಉಡುಪನ್ನೂ ಮಿಕ್ಕ ಬಟ್ಟೆಗಳನ್ನೂ ಒಟ್ಟಿಗೇ ಹಾಕುತ್ತಾನೆ. ಬಣ್ಣ ಬಿಟ್ಟು ಬಿಳಿಯ ಬಟ್ಟೆಗಳೆಲ್ಲ ಕೆಡುತ್ತವೆ. ಹಾಸ್ಟೆಲಿನಲ್ಲಿ ಮೊದಲ ವರ್ಷ ಕಳೆದ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅದೇ ಚಿತ್ರದಲ್ಲಿ ಅವನು ಮನೆಮನೆಗೆ ಪಿಜ್ಜಾ ಮುಟ್ಟಿಸುವ ಕೆಲಸಕ್ಕಿದ್ದಾನೆ. ದಾರಿಯಲ್ಲಿ ಮಕ್ಕಳ ಜೀವ ಉಳಿಸುವಷ್ಟರಲ್ಲಿ ತಡವಾಗಿ ಆ ಕೆಲಸವನ್ನೂ ಕಳೆದುಕೊಳ್ಳುತ್ತಾನೆ.

ಎಲ್ಲಕ್ಕಿಂತ ತಮಾಷೆಯದು, ಎಲ್ಲಕ್ಕಿಂತ ಭಯ ಹುಟ್ಟಿಸುವಂಥದೂ ಹೌದು, 1964ರ ಜ್ವರದ ಪ್ರಸಂಗ. ಡಾಕ್ಟರ್ ಆಕ್ಟೋಪಸ್ ಎಂಬ ಯಂತ್ರದ ತೋಳುಗಳ ಖಳ, ಪತ್ರಿಕಾ ಕಚೇರಿಯಲ್ಲಿ ಕೆಲಸ ಮಾಡುವ ಬೆಟ್ಟಿ ಬ್ರಾಂಟ್ ಎಂಬ ಹುಡುಗಿಯನ್ನು ಅಪಹರಿಸಿಕೊಂಡು ಹೋಗುತ್ತಾನೆ. ಪೀಟರನಿಗೆ ಆಕೆಯ ಮೇಲೆ ಮನಸ್ಸಿದೆ. ಅದೇ ಹೊತ್ತಿಗೆ ಅವನಿಗೆ ಜ್ವರ ಹಿಡಿದಿದೆ. ವೈರಸ್ಸಿಗೆ ಜೇಡ ಮನುಷ್ಯನೂ ಒಂದೇ, ಪಕ್ಕದ ಮನೆಯ ಹುಡುಗನೂ ಒಂದೇ. ಕೈಕಾಲು ಸೋತಿದೆ, ಗೋಡೆ ಹತ್ತುವ ಬಲವೆಲ್ಲ ಇಳಿದುಹೋಗಿದೆ. ಆದರೂ ಹೋಗುತ್ತಾನೆ. ಕೋನಿ ಐಲೆಂಡಿನಲ್ಲಿ ಖಳ ಅವನನ್ನು ಕ್ಷಣದಲ್ಲಿ ಹಿಡಿದು, ಪೊಲೀಸರು ಮತ್ತು ಪತ್ರಿಕೆಯವರ ಕಣ್ಣೆದುರೇ ಮುಖವಾಡ ಕಿತ್ತೆಸೆಯುತ್ತಾನೆ.

ಮುಗಿಯಿತು, ಗುಟ್ಟು ರಟ್ಟಾಯಿತು ಎಂದುಕೊಳ್ಳಬೇಕು. ಆದರೆ ಅಲ್ಲಿದ್ದವರಲ್ಲಿ ಒಬ್ಬರೂ ನಂಬುವುದಿಲ್ಲ! ಇಷ್ಟು ನಿತ್ರಾಣನಾದ ಹುಡುಗ ಜೇಡ ಮನುಷ್ಯ ಹೇಗಾದಾನು? ಪಾಪ, ಬೆಟ್ಟಿಯನ್ನು ಉಳಿಸುವ ಆಸೆಗೆ ವೇಷ ಹಾಕಿಕೊಂಡು ಬಂದಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ. ಖಳನಿಗೂ ಹಾಗೇ ತೋರುತ್ತದೆ. ಜ್ವರವೇ ಅವನ ಗುಟ್ಟನ್ನು ಕಾಯಿತು. ಒಂದು ರಾತ್ರಿ ಮಲಗಿ ಎದ್ದ ಮೇಲೆ ಜ್ವರ ಬಿಟ್ಟು, ಬಲ ಹಿಂದಿರುಗಿತು.

ಈ ಪ್ರಸಂಗವನ್ನು ಓದಿ ನಕ್ಕು ಮುಂದೆ ಹೋಗಬಹುದು. ಆದರೆ ಅದರಲ್ಲಿ ಒಂದು ಮಾತು ಅಡಗಿದೆ. ಶಕ್ತನೆಂದು ಹೆಸರಾದವನು ಕಾಯಿಲೆ ಬಿದ್ದರೆ ಜನ ಅವನನ್ನು ಗುರುತಿಸುವುದೇ ಇಲ್ಲ. ತರಗತಿಗೆ ಮೊದಲು ಬರುವ ಹುಡುಗಿ ಒಂದು ದಿನ ಸೋತು ಕುಳಿತರೆ, ಮನೆಯೆಲ್ಲ ಹೊತ್ತು ನಡೆಸುವ ತಾಯಿ ಒಂದು ದಿನ ಹಾಸಿಗೆ ಬಿಟ್ಟು ಏಳದಿದ್ದರೆ, ‘ಇವಳು ಅವಳಲ್ಲ’ ಎನ್ನುವಂತೆ ನೋಡುವವರೇ ಹೆಚ್ಚು. ಹಾಗಾಗಿ ಅಂಥವರು ಒಂದು ಅಭ್ಯಾಸ ಮಾಡಿಕೊಳ್ಳುತ್ತಾರೆ. ಯಾರು ಏನು ಕೇಳಿದರೂ ‘ಏನಿಲ್ಲ’ ಎನ್ನುತ್ತಾರೆ.

ಪೀಟರನ ಮನೆಯಲ್ಲಿ ಹೀಗೆ ‘ಏನಿಲ್ಲ’ ಎನ್ನುವವರು ಇಬ್ಬರು. ಅವನೊಬ್ಬನೇ ಮುಚ್ಚಿಡುತ್ತಿದ್ದಾನೆಂದು ಓದುಗರು ತಿಳಿದಿರುತ್ತಾರೆ, ಅವನೂ ಹಾಗೇ ತಿಳಿದಿರುತ್ತಾನೆ. ಆದರೆ ಚೆಕ್ಕು ನಗದಾಗದ ಆ ಮೊದಲ ಸಂಚಿಕೆಯಲ್ಲೇ ಇನ್ನೊಂದು ದೃಶ್ಯವಿದೆ. ದಾರಿಯಲ್ಲಿ ಹೋಗುತ್ತಿರುವಾಗ ದೊಡ್ಡಮ್ಮ ಗಿರವಿ ಅಂಗಡಿಯ ಬಳಿ ಅವನ ಕಣ್ಣಿಗೆ ಬೀಳುತ್ತಾರೆ. ಬಾಡಿಗೆ ಕಟ್ಟುವುದಕ್ಕೆಂದು ತಮ್ಮ ಒಡವೆಗಳನ್ನು ಅಡವಿಡಲು ಬಂದಿದ್ದಾರೆ, ಅವನಿಗೆ ಒಂದು ಮಾತೂ ಹೇಳದೆ. ಗುಟ್ಟು ಕಾಪಾಡುವುದರಲ್ಲಿ ತಾನೇ ಜಾಣ ಎಂದುಕೊಂಡವನಿಗೆ ತನ್ನ ಮನೆಯಲ್ಲೇ ತನಗಿಂತ ಜಾಣರು ಇರುವುದು ಅವತ್ತು ತಿಳಿಯಿತು.

ಆಮೇಲೆ ಅವನ ದಾರಿ ಒಂದಿಷ್ಟು ಸರಿಹೋಯಿತು. ಎರಡನೆಯ ಸಂಚಿಕೆಯಲ್ಲಿ ದೊಡ್ಡಮ್ಮನೇ ದೊಡ್ಡಪ್ಪನ ಹಳೆಯ ಕ್ಯಾಮೆರಾ ತೆಗೆದುಕೊಡುತ್ತಾರೆ. ಹಾರುವ ಖಳನ ಚಿತ್ರಗಳನ್ನು ಅದರಲ್ಲಿ ತೆಗೆದು ಪತ್ರಿಕೆಯ ಮಾಲೀಕ ಜೇಮ್‌ಸನ್‌ಗೆ ಮಾರುತ್ತಾನೆ. ಜೇಮ್‌ಸನ್ ಎಂದರೆ ದಿನ ಬೆಳಗಾದರೆ ಜೇಡ ಮನುಷ್ಯನನ್ನು ಬೈದು ಬರೆಯುವ ಜಿಪುಣ. ಬಂದ ಹಣದಲ್ಲಿ ಪೀಟರ್ ಮಾಡುವ ಮೊದಲ ಕೆಲಸ ಒಂದು ವರ್ಷದ ಬಾಡಿಗೆ ಕಟ್ಟುವುದು. ಎರಡನೆಯದು, ದೊಡ್ಡಮ್ಮನ ಅಡುಗೆಮನೆಗೆ ಹೊಸ ಸಾಮಾನು ಕೊಡಿಸುವ ಮಾತು. ನಗರವನ್ನು ಉಳಿಸಿದ್ದಕ್ಕೆ ಯಾರೂ ಅವನಿಗೆ ಕಾಸು ಕೊಡುವುದಿಲ್ಲ. ತನ್ನನ್ನೇ ಬೈಯುವ ಪತ್ರಿಕೆಗೆ ಚಿತ್ರ ಮಾರಿ ಮನೆ ನಡೆಸಬೇಕು.

ಆದರೆ ಕಾಯಿಲೆ ಬಾಡಿಗೆಯಂತಲ್ಲ, ಮುಂಗಡ ಕಟ್ಟಿ ದೂರ ಇಡಲಾಗುವುದಿಲ್ಲ. 1964ರ ಆರಂಭದಲ್ಲಿ ದೊಡ್ಡಮ್ಮನಿಗೆ ಶಸ್ತ್ರಚಿಕಿತ್ಸೆ ಆಗಬೇಕಾಗುತ್ತದೆ. ಹಣಕ್ಕಾಗಿ ಹುಡುಗ ಸುಳ್ಳು ಚಿತ್ರವೊಂದನ್ನು ತಯಾರಿಸಿ ಜೇಮ್‌ಸನ್‌ಗೆ ಮಾರುತ್ತಾನೆ. ಆ ಚಿತ್ರ ಕೆಟ್ಟದಾಗಿ ತೋರಿಸುವುದು ಜೇಡ ಮನುಷ್ಯನನ್ನೇ. ಅದೇ ವರ್ಷದ ಕೊನೆಗೆ ದೊಡ್ಡಮ್ಮನಿಗೆ ಹೃದಯಾಘಾತವಾದ ಸುದ್ದಿ ಕೇಳಿ, ಜನ ನೋಡುತ್ತಿರುವಾಗಲೇ ಕಾಳಗ ಬಿಟ್ಟು ಓಡುತ್ತಾನೆ. ಊರೆಲ್ಲ ಹೇಡಿ ಎಂದು ಆಡಿಕೊಳ್ಳುತ್ತದೆ. ತನಗೇನಾದರೂ ಆದರೆ ಆಸ್ಪತ್ರೆಯಲ್ಲಿರುವ ದೊಡ್ಡಮ್ಮನನ್ನು ನೋಡಿಕೊಳ್ಳುವವರು ಯಾರು ಎಂಬ ಯೋಚನೆಯಲ್ಲಿ ಅವನು ಮುಂದೆಯೂ ಜಗಳ ಕಂಡರೆ ತಪ್ಪಿಸಿಕೊಳ್ಳುತ್ತಾನೆ. ತಾನು ಓಡಿದ್ದು ಯಾಕೆಂದು ಯಾರಿಗೂ ಹೇಳುವಂತಿಲ್ಲ. ಹೇಡಿ ಎನ್ನಿಸಿಕೊಳ್ಳುವುದು ಏಟು ತಿನ್ನುವುದಕ್ಕಿಂತ ನೋವಿನದು.

ಇದರ ನಡುವೆ ಒಂದು ಸಣ್ಣ ಸಂಗತಿ ನಡೆದುಹೋಗಿತ್ತು. 1964ರಲ್ಲೇ ದೊಡ್ಡಮ್ಮನಿಗೆ ರಕ್ತ ಬೇಕಾದಾಗ ಕೊಟ್ಟವನು ಪೀಟರ್. ತನ್ನ ರಕ್ತದಲ್ಲಿ ಜೇಡದ ಕಡಿತದಿಂದ ಬಂದ ವಿಕಿರಣವಿದೆ ಎಂದು ಅವನಿಗೆ ಗೊತ್ತು, ಅಳುಕೂ ಇದೆ. ವೈದ್ಯರಿಗೆ ಹೇಳಿದರೆ ಗುಟ್ಟು ಹೊರಬೀಳುತ್ತದೆ. ಕೊಡದಿದ್ದರೆ ದೊಡ್ಡಮ್ಮ ಉಳಿಯುವುದಿಲ್ಲ. ಸುಮ್ಮನೆ ಕೊಟ್ಟ.

1965ರ ಕೊನೆಯಲ್ಲಿ ಎರಡು ಕಡೆಯ ‘ಏನಿಲ್ಲ’ಗಳೂ ಒಟ್ಟಿಗೇ ಎದುರು ಬಂದು ನಿಲ್ಲುತ್ತವೆ. ವಿದ್ಯಾರ್ಥಿ ವೇತನ ಗಿಟ್ಟಿಸಿಕೊಂಡ ಪೀಟರ್ ಕಾಲೇಜು ಸೇರುವ ಸಮಯ. ದೊಡ್ಡಮ್ಮನಿಗೆ ತಲೆಸುತ್ತು ಬರುತ್ತಿದೆ, ನಿಲ್ಲಲಾಗುತ್ತಿಲ್ಲ. ಆದರೆ ಹುಡುಗನ ಕಾಲೇಜಿನ ಮೊದಲ ದಿನಗಳ ಹುರುಪು ಕೆಡಬಾರದೆಂದು ಅವನೆದುರು ನಗುನಗುತ್ತ ಓಡಾಡುತ್ತಾರೆ. ಕೊನೆಗೊಮ್ಮೆ ಮುಚ್ಚಿಡಲಾಗದೆ ಕುಸಿದು ಬೀಳುತ್ತಾರೆ. ಆಸ್ಪತ್ರೆಗೆ ಸೇರಿಸಿದ ಮೇಲೆ ಪೀಟರನಿಗೆ ತರಗತಿಯಲ್ಲಿ ಮನಸ್ಸಿಲ್ಲ. ಮಾತನಾಡಿಸಲು ಬಂದ ಹೊಸ ಸಹಪಾಠಿಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಎಂಥ ಜಂಭದ ಹುಡುಗನಪ್ಪಾ ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಅವರಿಗೇನು ಗೊತ್ತು? ಅವನು ಹೇಳಿದ್ದರೆ ತಾನೆ!

ವೈದ್ಯರು ಕಂಡುಹಿಡಿದದ್ದು ದೊಡ್ಡಮ್ಮನ ರಕ್ತದಲ್ಲಿ ಸೇರಿಕೊಂಡಿರುವ ವಿಕಿರಣದ ಅಂಶವನ್ನು. ಅದು ಎಲ್ಲಿಂದ ಬಂತೆಂದು ಜಗತ್ತಿನಲ್ಲಿ ಗೊತ್ತಿರುವುದು ಒಬ್ಬನಿಗೆ. ಪ್ರೀತಿಯಿಂದ ಕೊಟ್ಟ ರಕ್ತವೇ ವಿಷವಾಗಿತ್ತು. ಪರಿಹಾರಕ್ಕೆ ದೂರದಿಂದ ತರಿಸಬೇಕಾದ ಒಂದು ಔಷಧಿಯಿದೆ. ಅದರ ಖರ್ಚಿಗೆ ಪೀಟರ್ ತನ್ನ ಪ್ರಯೋಗದ ಸಲಕರಣೆಗಳನ್ನೆಲ್ಲ ಕೊಟ್ಟು ಹಣ ಹೊಂದಿಸುತ್ತಾನೆ. ವಿಜ್ಞಾನಿಯಾಗಬೇಕೆಂದಿರುವ ಹುಡುಗನಿಗೆ ಆ ಸಲಕರಣೆಗಳೇ ಒಡವೆ. ಎರಡು ವರ್ಷಗಳ ಹಿಂದೆ ಗಿರವಿ ಅಂಗಡಿಗೆ ಹೋಗಿದ್ದವರು ದೊಡ್ಡಮ್ಮ. ಈ ಸಲ ಸರದಿ ಅವನದು.

ಬರುವ ದಾರಿಯಲ್ಲಿ ಔಷಧಿ ಡಾಕ್ಟರ್ ಆಕ್ಟೋಪಸನ ಪಾಲಾಗುತ್ತದೆ. ಹುಡುಕಿಕೊಂಡು ನೀರಿನಡಿಯ ಅಡಗುದಾಣಕ್ಕೆ ಹೋದ ಪೀಟರನ ಮೇಲೆ ಭಾರಿ ಉಕ್ಕಿನ ಯಂತ್ರವೊಂದು ಕುಸಿದು ಬೀಳುತ್ತದೆ. ಚಾವಣಿ ಸೋರುತ್ತಿದೆ, ನೀರು ಏರುತ್ತಿದೆ. ಔಷಧಿಯ ಡಬ್ಬಿ ಕಣ್ಣೆದುರೇ ಇದೆ, ಕೈಗೆ ಎಟುಕುವುದಿಲ್ಲ. 1966ರ ಫೆಬ್ರುವರಿ ಸಂಚಿಕೆಯಲ್ಲಿ ಡಿಟ್ಕೊ ಇದಕ್ಕೆ ಪುಟದ ಮೇಲೆ ಪುಟ ಕೊಟ್ಟಿದ್ದಾರೆ. ಮೊದಲು ಸಣ್ಣ ಸಣ್ಣ ಚೌಕಗಳಲ್ಲಿ ಬಾಗಿದ ಬೆನ್ನು, ಆಮೇಲೆ ಸ್ವಲ್ಪ ದೊಡ್ಡ ಚೌಕ, ಕೊನೆಗೆ ಪುಟದ ತುಂಬ ಯಂತ್ರವನ್ನು ಎತ್ತಿ ನಿಂತ ಹುಡುಗ. ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿರುವುದು ಖಳನಲ್ಲ, ನಗರವೂ ಅಲ್ಲ, ಆಸ್ಪತ್ರೆಯ ಮಂಚ. ದೊಡ್ಡಪ್ಪನ ವಿಷಯದಲ್ಲಿ ಆದ ತಪ್ಪು ದೊಡ್ಡಮ್ಮನ ವಿಷಯದಲ್ಲಿ ಆಗಬಾರದು. ಔಷಧಿ ತಲುಪುತ್ತದೆ, ದೊಡ್ಡಮ್ಮ ಉಳಿಯುತ್ತಾರೆ. ಜೇಡ ಮನುಷ್ಯನ ಅತಿ ದೊಡ್ಡ ಸಾಹಸವೆಂದು ಓದುಗರು ಇಂದಿಗೂ ನೆನೆಯುವ ಈ ಪುಟಗಳಲ್ಲಿ ಇರುವುದು ಮನೆಯ ಹಿರಿಯರಿಗೆ ಮದ್ದು ತಂದುಕೊಟ್ಟ ಕಥೆ.

ದೊಡ್ಡಪ್ಪನ ವಿಷಯದಲ್ಲಿ ಆದ ತಪ್ಪೆಂದರೆ ಇದು: ಶಕ್ತಿ ಬಂದ ಹೊಸತರಲ್ಲಿ, ತನ್ನೆದುರೇ ಓಡಿಹೋಗುತ್ತಿದ್ದ ಕಳ್ಳನೊಬ್ಬನನ್ನು ಪೀಟರ್ ‘ನನಗೇಕೆ’ ಎಂದು ಬಿಟ್ಟುಬಿಟ್ಟಿದ್ದ. ಮುಂದೆ ದೊಡ್ಡಪ್ಪನನ್ನು ಕೊಂದವನು ಅದೇ ಕಳ್ಳ. 1962ರಿಂದಲೂ ಅವನು ದೊಡ್ಡಮ್ಮನಿಂದ ಮುಚ್ಚಿಟ್ಟದ್ದು ಬರೀ ಮುಖವಾಡವನ್ನಲ್ಲ, ಈ ತಪ್ಪನ್ನು.

2001ರ ಒಂದು ಸಂಚಿಕೆಯಲ್ಲಿ ಅವನು ಎಂದಿಗಿಂತ ಹೆಚ್ಚು ಏಟು ತಿಂದು, ಮನೆಗೆ ಬಂದು ಹಾಗೇ ನಿದ್ದೆಹೋಗಿದ್ದಾನೆ. ಅವನನ್ನು ನೋಡಲು ಬಂದ ದೊಡ್ಡಮ್ಮನ ಕಣ್ಣಿಗೆ ಗಾಯಗೊಂಡ ಮೈಯೂ ಹರಿದ ಉಡುಪೂ ಬೀಳುತ್ತವೆ. ಅಷ್ಟು ಖಳರು ಮಾಡಲಾಗದ್ದನ್ನು ಒಂದು ನಿದ್ದೆ ಮಾಡಿತು. 2002ರ ಸಂಚಿಕೆಯೊಂದರಲ್ಲಿ ಇಬ್ಬರೂ ಎದುರುಬದುರು ಕುಳಿತು ಮಾತನಾಡುತ್ತಾರೆ. ಆ ಸಂಚಿಕೆಯಲ್ಲಿ ಹೊಡೆದಾಟವಿಲ್ಲ. ಪೀಟರ್ ಕೊನೆಗೂ ಹೇಳುತ್ತಾನೆ: ದೊಡ್ಡಪ್ಪ ಸತ್ತದ್ದು ತನ್ನಿಂದ, ಕಳ್ಳನನ್ನು ಹಿಡಿಯಬಹುದಾಗಿದ್ದಾಗ ಹಿಡಿಯಲಿಲ್ಲ. ಬೈಗುಳಕ್ಕೆ ಕಾದು ಕುಳಿತವನಿಗೆ ದೊಡ್ಡಮ್ಮನಿಂದ ಬೇರೆಯದೇ ಮಾತು ಕೇಳಬೇಕಾಗುತ್ತದೆ. ಆ ರಾತ್ರಿ ಗಂಡ ಹೆಂಡಿರಲ್ಲಿ ಸಣ್ಣ ಜಗಳವಾಗಿ ದೊಡ್ಡಪ್ಪ ಮನೆಯಿಂದ ಹೊರಗೆ ಹೋಗಿದ್ದರು. ತಾನು ಜಗಳವಾಡದಿದ್ದರೆ ಅವರು ಉಳಿಯುತ್ತಿದ್ದರೆಂದು ಆಕೆಯೂ ಅಷ್ಟು ಕಾಲ ಒಳಗೊಳಗೇ ಬೇಯುತ್ತಿದ್ದರು.

ಒಂದೇ ಸಾವು, ಅದರ ಹೊರೆ ಇಬ್ಬರ ತಲೆಯ ಮೇಲೆ. ಒಬ್ಬರಿಗೊಬ್ಬರು ನೋವಾಗದಿರಲೆಂದು ಇಬ್ಬರೂ ಬೇರೆ ಬೇರೆಯಾಗಿ ಹೊತ್ತರು. ಓದುಗರ ಲೆಕ್ಕದಲ್ಲಿ ಅದು ನಲವತ್ತು ವರ್ಷ. ಮುಂದೆ 2008ರ ಹೊತ್ತಿಗೆ ಕಥೆಗಾರರು ಈ ಗುಟ್ಟನ್ನು ಮಾಯದಿಂದ ಮತ್ತೆ ಮುಚ್ಚಿಬಿಟ್ಟರು, ಅದು ಬೇರೆ ಮಾತು. ಚಿತ್ರಕಥೆಗಳಲ್ಲಿ ಹಾಗೆ ಮಾಡಬಹುದು.

ಮನೆಗಳಲ್ಲಿ ಹಾಗಾಗುವುದಿಲ್ಲ. ಪರೀಕ್ಷೆಯ ಅಂಕ ಕಡಿಮೆಯಾದ ಹುಡುಗ, ಹಾಸ್ಟೆಲಿನ ಊಟ ಸೇರದೆ ಜ್ವರ ಹಿಡಿದು ಮಲಗಿದ ಹುಡುಗಿ, ಫೋನಿನಲ್ಲಿ ‘ಏನಿಲ್ಲಮ್ಮ, ಚೆನ್ನಾಗಿದ್ದೀನಿ’ ಎನ್ನುತ್ತಾರೆ. ಈ ಕಡೆ ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಂಡು ಕುಳಿತ ತಾಯಿ, ಫೀಸಿಗಾಗಿ ಬಳೆ ಬಿಚ್ಚಿಕೊಟ್ಟು ಬಂದ ತಾಯಿ, ‘ಇಲ್ಲೂ ಏನಿಲ್ಲ, ನೀನು ಓದ್ಕೋ’ ಎನ್ನುತ್ತಾರೆ. ಎರಡೂ ಪ್ರೀತಿಯ ಮಾತೇ. ಆದರೆ ಎರಡು ‘ಏನಿಲ್ಲ’ಗಳ ನಡುವೆ ಕಾಯಿಲೆ ಬೆಳೆಯುತ್ತದೆ, ಬಡ್ಡಿಯೂ ಬೆಳೆಯುತ್ತದೆ.

ಗೋಡೆ ಹತ್ತಬಲ್ಲವನಿಗೂ ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಒಂದು ಕೈ ಬೇಕಾಗಿತ್ತು. ಆ ಕೈ ಪಕ್ಕದ ಕೋಣೆಯಲ್ಲೇ ಇತ್ತು. ‘ಮೈ ಬಿಸಿಯಾಗಿದೆ ದೊಡ್ಡಮ್ಮ’ ಎಂದು ಹೇಳುವುದೊಂದೇ ಅವನಿಗೆ ಬಾಕಿ ಇದ್ದದ್ದು.